ಗೆರೆ ಎಳೆದವರು: ಅವಧೂತರಾವ್

ಅವಧೂತರಾವ್ ಅವರ ಅಕ್ಷರ ಬಹಳ ಚೆಂದ. ಅವರು ಕೆಟ್ಟಿದ್ದೇ ಆ ಅಕ್ಷರದಿಂದ ಎಂಬುದು ಅವರ ಹೆಂಡತಿ ಇಂದೂ ಅವರ ಖಚಿತ ಅಭಿಪ್ರಾಯ.

"ಒಂದಿಷ್ಟು ಅಂಕಡೊಂಕ ಬರೀತಿದ್ರ ಎಂದೋ ಸಾಹೇಬ ಆಗಿರ್ತಿದ್ರಿ. ಡಾಕ್ಟರ್ರನ್ನ ನೋಡ್ರಿ, ಕಲೆಕ್ಟರ್ರನ್ನ ನೋಡ್ರಿ, ಯಾರ ಅಕ್ಷರಾನರೆ ಓದಲಿಕ್ಕೆ ಬರ್ತದೇನು?" ಎಂದು ಅವರು ಭಕ್ರಿ ತಟ್ಟುತ್ತ ಕೇಳುತ್ತಿದ್ದರು. ಧಾರವಾಡದ ಪಾಲಿಟೆಕ್ನಿಕ್ಕಿನಲ್ಲಿ ಮಾಸ್ತರರು ಇವರ ಹಾಳೆಯನ್ನು ಎತ್ತಿ ಹಿಡಿದು ಇಡೀ ವರ್ಗಕ್ಕೆ ತೋರಿಸಿದ್ದರು. ಆ ದಿನವೇ ಇವರ ದೈವ ನಿಶ್ಚಯವಾಗಿಹೋಯಿತು. ಪುಣೆಯ ಹತ್ತಿರದ ಭೋಸರಿಯ ಒಂದು ಕಾರಖಾನೆಯವರು ಇವರ ಕೈ ನೋಡಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಅಂತ ಕೂರಿಸಿದರು. ಕೂತವರು ಏಳಲಿಲ್ಲ.

ಆ ಕಾರಖಾನೆಯಲ್ಲಿ ತಯಾರಾಗುತ್ತಿದ್ದುದು ಧೂಳು ಹೀರುವ ಕೊಳವೆಗಳು. ಹಿಟ್ಟಿನ ಗಿರಣಿ, ಎರಕದ ಕಾರಖಾನೆ, ಹತ್ತಿ ಮಿಲ್ಲು, ಎಲ್ಲೆಲ್ಲಿ ಜನ ಕೆಮ್ಮುತ್ತಾರೋ ಅಲ್ಲೆಲ್ಲ ಇವರ ತಗಡಿನ ಕೊಳವೆಗಳು ಹೋಗುತ್ತಿದ್ದವು. ಎಂಜಿನಿಯರುಗಳು ಬರುತ್ತಿದ್ದರು, ಕಾಗದದ ಚೂರಿನ ಮೇಲೆ ಏನೋ ಗೀಚಿ ಕೊಡುತ್ತಿದ್ದರು, ಹೆಚ್ಚಿನ ಸಂಬಳ ಸಿಕ್ಕಿದ ಕೂಡಲೇ ಚಿಂಚವಾಡದ ದೊಡ್ಡ ಕಾರಖಾನೆಗಳ ಕಡೆ ಹೋಗಿಬಿಡುತ್ತಿದ್ದರು. ಆ ಗೀಚನ್ನು ಕೊಳವೆಯಾಗಿಸುವವರು ಅವಧೂತರಾವ್. ಗಾಳಿ ತಿರುಗಲಾರದ ಮೂಲೆಯನ್ನು ಅವರು ಸದ್ದಿಲ್ಲದೆ ಗುಂಡಗೆ ಮಾಡುತ್ತಿದ್ದರು, ಕಿರಿದಾದ ಬಾಯಿಯನ್ನು ಸದ್ದಿಲ್ಲದೆ ಅಗಲಿಸುತ್ತಿದ್ದರು. ಸದ್ದು ಮಾಡದೆ ಇರುವುದು ಅವರ ಎರಡನೆಯ ವಿದ್ಯೆ.

ಪ್ರತಿ ಡ್ರಾಯಿಂಗ್ ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಮೂರು ಚೌಕಗಳಿರುತ್ತಿದ್ದವು. ಇಂಗ್ಲಿಷಿನಲ್ಲಿ ಅಚ್ಚಾದ ಅವುಗಳನ್ನು ಕನ್ನಡಕ್ಕಿಳಿಸಿದರೆ ಒಂದು ಗೆರೆ ಎಳೆದವರದು, ಇನ್ನೊಂದು ತಪ್ಪು ಹುಡುಕಿದವರದು, ಮೂರನೆಯದು ತಲೆ ಓಡಿಸಿದವರದು. ಮೊದಲನೆಯ ಚೌಕದಲ್ಲಿ ಅವಧೂತರಾವ್ ಅವರ ಹೆಸರು ಮುತ್ತಿನಂತೆ ಕೂತಿರುತ್ತಿತ್ತು. ಮೂರನೆಯದರಲ್ಲಿ ಚಿಂಚವಾಡಕ್ಕೆ ಹೋಗಲಿದ್ದ ಯಾವನೋ ಒಬ್ಬನ ಹೆಸರು, ಅದೂ ಇವರದೇ ಅಕ್ಷರದಲ್ಲಿ. ಮನುಷ್ಯನಿಗೆ ಬಂಗಲೆ ಬೇಕೆನ್ನಿಸುವುದುಂಟು, ಕಾಶಿಯಾತ್ರೆ ಬೇಕೆನ್ನಿಸುವುದುಂಟು. ಅವಧೂತರಾವ್ ಅವರಿಗೆ ಬೇಕಾಗಿದ್ದುದು ಹೆಬ್ಬೆರಳಿನಗಲದ ಆ ಮೂರನೆಯ ಚೌಕ. ಇಷ್ಟು ಸಣ್ಣ ಆಸೆಯೂ ಈಡೇರದೆ ಇರಬಹುದೇ ಎಂದು ನೀವು ಕೇಳಬಹುದು. ಸಣ್ಣ ಆಸೆಗಳ ಕಷ್ಟವೇ ಅದು. ಅವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಎಂಬತ್ತೇಳನೆಯ ಇಸವಿಯಲ್ಲಿ ಆ ಚೌಕ ಕೈಗೆಟಕುವಷ್ಟು ಹತ್ತಿರ ಬಂತು. ಬಂದದ್ದು ಒಂದು ಕೆಂಪು ಕಾರಿನ ರೂಪದಲ್ಲಿ.

ಮಾಲೀಕರು ಮೆತ್ತಗಾಗಿ ಮನೆ ಹಿಡಿದ ಮೇಲೆ ಅವರ ಮಗ ಕುಶಲ ಕಾರಖಾನೆ ನೋಡಿಕೊಳ್ಳತೊಡಗಿದ್ದ. ಜರ್ಮನಿಯಲ್ಲಿ ಓದಿದವನು. ಬರುವಾಗ ಒಂದು ಡಿಗ್ರಿಯನ್ನೂ ಒಂದು ಕಾರನ್ನೂ ತಂದಿದ್ದ. ಡಿಗ್ರಿಯನ್ನು ಯಾರೂ ನೋಡಲಿಲ್ಲ, ಕಾರನ್ನು ಊರೇ ನೋಡಿತು. ಬೆನ್ನು ಕತ್ತರಿಸಿದಂಥ ಗಿಡ್ಡ ಕಾರು, ಹಿಂದಿನ ಬಾಗಿಲು ಟ್ರಂಕಿನ ಮುಚ್ಚಳದಂತೆ ಮೇಲಕ್ಕೇಳುತ್ತಿತ್ತು. ಅದರ ಎಂಜಿನ್ನಿಗೆ ಟರ್ಬೊ ಇತ್ತು. ಅಂದರೆ, ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ, ಆ ಫ್ಯಾನು ಹೊರಗಿನ ಗಾಳಿಯನ್ನು ಹೀರಿ ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಕಾರಿಗೆ ಕಸುವು.

ಆದರೆ ಜರ್ಮನಿಯ ಗಾಳಿ ಬೇರೆ, ಭೋಸರಿಯ ಗಾಳಿ ಬೇರೆ. ಗಾಳಿ ಸೋಸುವ ಕಾಗದದ ಫಿಲ್ಟರು ಇಲ್ಲಿಯ ಧೂಳಿಗೆ ಬೇಗ ಕಟ್ಟಿಕೊಂಡಿತು. ಅಂಥದು ಪುಣೆಯಲ್ಲಿ ಸಿಗುತ್ತಿರಲಿಲ್ಲ. ಮೇಲಾಗಿ ಗಾಳಿ ಹೀರುವ ಬಾಯಿ ಇದ್ದದ್ದು ಎಂಜಿನ್ನಿನ ಪಕ್ಕದಲ್ಲೇ. ಏಪ್ರಿಲ್ ತಿಂಗಳಲ್ಲಿ ಅದು ಒಲೆಯ ಉರಿಯನ್ನೇ ಉಸಿರಾಡುತ್ತಿತ್ತು. ಖಂಡಾಲಾ ಘಾಟಿನಲ್ಲಿ ಒಂದು ಹಳೆಯ ಅಂಬಾಸಡರ್ ಕುಶಲನ ಕಾರನ್ನು ಹಿಂದೆ ಹಾಕಿತು. ಕ್ಯಾಂಪಿನ ಇರಾನಿ ಹೋಟೆಲಿನಲ್ಲಿ ಅವನ ಗೆಳೆಯರು ಅದನ್ನೇ ಬನ್ ಮಸ್ಕಾದ ಜೊತೆ ನೆಂಜಿಕೊಂಡರು.

ಸೋಮವಾರ ಕುಶಲ ನೆಟ್ಟಗೆ ಡ್ರಾಯಿಂಗ್ ಕೋಣೆಗೆ ಬಂದ. ಅವಧೂತರಾವ್ ಅವರನ್ನು ಅವನು 'ರಾವಸಾಹೇಬ' ಎಂದು ಕರೆಯುತ್ತಿದ್ದ. ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಎಂಬುದನ್ನು ಅವಧೂತರಾವ್ ಅಳೆದು ನೋಡಿರಲಿಲ್ಲ.

"ರಾವಸಾಹೇಬ, ಊರಿನ ಗಿರಣಿಗಳಿಗೆಲ್ಲ ಉಸಿರು ಕೊಡುವವರು ನಾವು. ನನ್ನ ಗಾಡಿಗೆ ದಮ್ಮು ಹತ್ತಿದರೆ ನೋಡುತ್ತ ಕೂರುವುದೇ?" ಎಂದ ಮರಾಠಿಯಲ್ಲಿ.

"ಮುಂದಿನ ದೀಪದ ಪಕ್ಕದಿಂದ ತಂಪು ಗಾಳಿ ತರಬಹುದು," ಎಂದರು ಅವಧೂತರಾವ್, ಬಾಯಿ ಜಾರಿ. "ಅಗಲವಾದ ಕೊಳವೆ, ತೊಳೆದು ಮತ್ತೆ ಹಾಕುವಂಥ ಫಿಲ್ಟರು..."

"ಮಾಡಿ. ಆದರೆ ಹೊಸದಾಗಿ ಒಂದು ಮೊಳೆಯನ್ನೂ ಕೊಳ್ಳುವಂತಿಲ್ಲ. ಅಪ್ಪನಿಗೆ ತಿಳಿದರೆ ನನ್ನನ್ನೇ ಗುಜರಿಗೆ ಹಾಕುತ್ತಾರೆ. ಗೋದಾಮಿನಲ್ಲಿ ಇದ್ದುದರಲ್ಲೇ ಆಗಬೇಕು." ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಇದು ಓಡಿತು ಅಂದರೆ ಡಿಸೈನ್ ವಿಭಾಗ ಅಂತ ಬೇರೆಯೇ ತೆರೆಯುತ್ತೇನೆ. ಕುರ್ಚಿ ನಿಮ್ಮದು. ಹಾಳೆಯ ಮೇಲೆ ಹೆಸರೂ ನಿಮ್ಮದೇ."

ಅಂದು ಸಂಜೆ ಸದಾಶಿವ ಪೇಟೆಯ ವಾಡೆಯ ತಮ್ಮ ಎರಡು ಕೋಣೆಯ ಬಿಡಾರಕ್ಕೆ ಬಂದ ಅವಧೂತರಾವ್ ಚಪ್ಪಲಿ ಬಿಡುವುದನ್ನೇ ಮರೆತು ಒಳಗೆ ನಡೆದರು.

"ಇಂದೂ, ಒಂದು ಡಿಸೈನ್ ಮಾಡ್ಲಿಕತ್ತೀನಿ. ನಂದಽ. ತಲಿಯಿಂದ ಕಾಲಿನ ತನಕ ನಂದಽ."

"ಮೊದ್ಲ ಕಾಲಾಗಿನ ಚಪ್ಪಲಿ ಬಿಡ್ರಿ," ಎಂದರು ಇಂದೂ. ಆಮೇಲೆ ಗಂಡನ ಮುಖ ನೋಡಿ ದನಿ ಇಳಿಸಿದರು. "ಹೆಸರು ಹಾಕ್ತಾರಂತೇನು?"

"ಹಾಕ್ತಾರಂತ."

ಇಂದೂ ಆ ರಾತ್ರಿ ಪಾಯಸ ಮಾಡಿದರು. ಹಬ್ಬವೇನೂ ಇರಲಿಲ್ಲ.

ಕೆಲಸಕ್ಕೆ ಕೈ ಬೇಕಲ್ಲ, ಆ ಕೈ ಹಣಮಂತ್ರಾಯನದು. ಯಾದಗಿರಿ ಕಡೆಯವನು. ಹೆಂಡತಿ ಯಂಕವ್ವನ ಜೊತೆ ಕಾರಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದ. ತಗಡು ಮಡಚುವುದು, ಬೆಸುಗೆ ಹಾಕುವುದು ಅವನ ಕೆಲಸ. ಅವನು ಮೈಲಾರಲಿಂಗನ ಒಕ್ಕಲು. ಊರಿನ ಮೈಲಾರನೇ ಇಲ್ಲಿ ಜೇಜುರಿಯ ಖಂಡೋಬನಾಗಿ ತನಗಿಂತ ಮೊದಲು ಬಂದು ಕೂತಿದ್ದಾನೆ ಎಂಬುದು ಪುಣೆಯ ಬಗ್ಗೆ ಅವನಿಗಿದ್ದ ದೊಡ್ಡ ಧೈರ್ಯ. ಸೊಂಟದಲ್ಲಿ ಸಣ್ಣ ಚೀಲ, ಅದರಲ್ಲಿ ಭಂಡಾರ, ಅಂದರೆ ದೇವರ ಅರಿಶಿನ ಪುಡಿ. ಅದರಲ್ಲಿ ಒಂದು ಚಿಟಿಕೆ ಹಚ್ಚದೆ ಅವನು ಮೊದಲ ಬೆಸುಗೆ ಹಾಕುತ್ತಿರಲಿಲ್ಲ. ಅವಧೂತರಾವ್ ಅವರಿಗೆ ಇದು ನಗೆಯ ವಿಷಯ.

"ಬೆಸಗಿ ಹಿಡಿಯೋದು ನಿನ್ನ ಕೈಯಿಂದನೋ, ಅರಿಶಿಣದಿಂದನೋ?"

"ಕೈ ನಂದ್ರಿ ಸಾಹೇಬ್ರ, ಹಿಡಿಯಾಂವ ಅವ," ಎನ್ನುತ್ತಿದ್ದ ಹಣಮಂತ್ರಾಯ. ಅದರ ಮೇಲೆ ವಾದ ಬೆಳೆಸುವುದು ಪಾಲಿಟೆಕ್ನಿಕ್ಕಿನವರಿಗೆ ಕಷ್ಟ.

ಇಬ್ಬರೂ ಗೋದಾಮು ಹೊಕ್ಕರು. ಉಳಿದ ತಗಡಿನಲ್ಲಿ ಒಂದು ಡಬ್ಬಿಯಾಯಿತು. ಹಿಟ್ಟಿನ ಜರಡಿಯ ತಂತಿಬಲೆ ಸಿಕ್ಕಿತು. ಯಾವುದೋ ಯಂತ್ರದ ಜೊತೆ ಬಂದಿದ್ದ ಸ್ಪಂಜಿನ ಹಾಳೆಯನ್ನು ಕತ್ತರಿಸಿ, ಸ್ಕೂಟರ್ ಮೆಕ್ಯಾನಿಕ್‌ಗಳು ಮಾಡುವಂತೆ ಎಣ್ಣೆಯಲ್ಲಿ ಅದ್ದಿ ಹಿಂಡಿ, ಬಲೆಯ ಮೇಲೆ ಹೊದಿಸಿದರು. ಧೂಳು ಎಣ್ಣೆಗೆ ಅಂಟುತ್ತದೆ, ಗಾಳಿ ಒಳಗೆ ಹೋಗುತ್ತದೆ. ಡಬ್ಬಿಯಿಂದ ಟರ್ಬೊವರೆಗೆ ಬಾಗಿಕೊಂಡು ಹೋಗಲು ಒಂದು ರಬ್ಬರಿನ ಪೈಪು ಬೇಕಿತ್ತು. ಸಿಕ್ಕಿದ್ದು ಮೆತ್ತನೆಯದು. ಇಂಥ ಪೈಪಿನೊಳಗೆ ತಂತಿಯ ಸುರುಳಿ ಇರಬೇಕು, ಇಲ್ಲದಿದ್ದರೆ ಒಳಗಿನ ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ ಎಂಬುದು ಅವಧೂತರಾವ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ತಂತಿಯದು ಬೇಕೆಂದರೆ ಕೊಳ್ಳಬೇಕು. ಕುಶಲನ ಬಳಿ ಹೋಗಿ ಬೇಕು ಎನ್ನಬೇಕು. ಅವಧೂತರಾವ್ ಅವರು ಯಾರ ಬಳಿಯೂ ಹೋಗಿ ಬೇಕು ಎಂದವರಲ್ಲ. ಫಿಲ್ಟರು ಸ್ವಚ್ಛವಿದ್ದರೆ ಎಳೆತ ಹೆಚ್ಚಾಗುವುದಿಲ್ಲ ಎಂದು ತಮ್ಮನ್ನೇ ಒಪ್ಪಿಸಿಕೊಂಡು, ಹಾಳೆಯ ಮೇಲೆ 'ಫಿಲ್ಟರನ್ನು ಸದಾ ಶುದ್ಧವಾಗಿಡತಕ್ಕದ್ದು' ಎಂದು ಇಂಗ್ಲಿಷಿನಲ್ಲಿ ಬಹು ಸುಂದರವಾಗಿ ಬರೆದರು.

ಕೊನೆಗೆ ಮೂಲೆಯ ಚೌಕಗಳ ಸರದಿ. ಮೊದಲನೆಯದರಲ್ಲಿ ಅವಧೂತರಾವ್. ಆಮೇಲೆ ಅವರು ಧೋತರ ಒಗೆದಂತೆ ಕೈಯನ್ನು ತಿಕ್ಕಿ ತೊಳೆದು, ಒರೆಸಿ, ಶಾಯಿಯ ಪೆನ್ನನ್ನು ಮೂರನೆಯ ಚೌಕದ ಮೇಲೆ ಇಟ್ಟರು. ಅಲ್ಲೂ ಅವಧೂತರಾವ್. ಹಣಮಂತ್ರಾಯ ಹೆಗಲ ಮೇಲಿಂದ ಇಣುಕುತ್ತಿದ್ದ.

"ಏನ್ ಬರದ್ರಿ ಸಾಹೇಬ್ರ?"

"ನನ್ನ ಹೆಸರು."

"ಈ ಕಡಿನೂ ನಿಮ್ದೇ ಕಾಣ್ತದಲ್ರಿ?"

"ಅದು ಬ್ಯಾರೆ, ಇದು ಬ್ಯಾರೆ."

ಹಣಮಂತ್ರಾಯ ಹಾಳೆಯ ಹತ್ತಿರಕ್ಕೆ ಬಗ್ಗಿದ. "ನಂದೆಲ್ಲಿ ಬರ್ತದ್ರಿ?"

"ಬೆಸಗಿ ಹಾಕಿದವ್ರಿಗೆ ಚೌಕ ಇರೂದಿಲ್ಲೋ."

"ಹಂಗಾರ ಹಿಂದಿನ ಮಗ್ಗಲಿಗ್ಯಾರ ಬರೀರಲ್ಲ. ಸಣ್ಣಂದೇ ಬರೀರಿ, ಯಾರ್ ನೋಡ್ತಾರ."

ಅವಧೂತರಾವ್ ನಕ್ಕುಬಿಟ್ಟರು. ಹಣಮಂತ್ರಾಯನೂ ನಕ್ಕ. ಹಾಳೆಯ ಹಿಂಬದಿ ಖಾಲಿಯೇ ಉಳಿಯಿತು. ಹದಿನೆಂಟು ವರ್ಷ ಆ ಚೌಕದ ಹೊರಗೆ ನಿಂತವರಿಗೆ ಒಳಗೆ ಹೋದ ಕೂಡಲೇ ಬಾಗಿಲು ಹಾಕಿಕೊಳ್ಳಬೇಕೆನ್ನಿಸುವುದು ಸಹಜ.

ರವಿವಾರ ಪರೀಕ್ಷೆ. ದಿವೆ ಘಾಟು ಹತ್ತಿಸಿ ನೋಡೋಣವೆಂದು ಕುಶಲ ಹೇಳಿದ. ಅವನ ಪಕ್ಕದಲ್ಲಿ ಅವಧೂತರಾವ್, ಹಿಂದೆ ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದುಕೊಂಡ ಹಣಮಂತ್ರಾಯ. ಹಡಪಸರ ದಾಟಿ, ಘಾಟಿನ ಬುಡದಲ್ಲಿ ಕುಶಲ ಕಾಲು ಒತ್ತಿದ. ಬಾನೆಟ್ಟಿನ ಒಳಗಿಂದ ಸಣ್ಣಗೆ ಸಿಳ್ಳೆಯಂಥ ಸದ್ದೆದ್ದಿತು. ಆಮೇಲೆ ಕಾರು ಏರಿತು ಎನ್ನುವುದಕ್ಕಿಂತ ಘಾಟು ಇಳಿದು ಬಂತು ಎನ್ನಬೇಕು. ತಿರುವಿನಲ್ಲಿ ಎರಡು ಲಾರಿ, ಒಂದು ಎಸ್.ಟಿ. ಬಸ್ಸು, ಮತ್ತು ಒಂದು ಅಂಬಾಸಡರ್ ಹಿಂದೆ ಬಿದ್ದವು. ಅಂಬಾಸಡರನ್ನು ದಾಟುವಾಗ ಕುಶಲ ಜರ್ಮನ್ ಭಾಷೆಯಲ್ಲಿ ಏನೋ ಕಿರುಚಿದ.

ಅವಧೂತರಾವ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಕಣ್ಣು ಒದ್ದೆಯಾಗಿತ್ತು. ಗಾಳಿಗೆ ಎಂದು ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

"ರಾವಸಾಹೇಬ, ನಾಳೆಯೇ ಕುರ್ಚಿ ಆರ್ಡರ್ ಮಾಡುತ್ತೇನೆ," ಎಂದ ಕುಶಲ. ಖುಷಿ ತಡೆಯದೆ, ಇಲ್ಲಿಂದಲೇ ತಿರುಗುವುದು ಬೇಡ, ಜೇಜುರಿಗೆ ಹೋಗಿ ಬಂದುಬಿಡೋಣ, ಖಂಡೋಬ ನಮ್ಮ ಮನೆದೇವರೂ ಹೌದು ಎಂದ. ಹಿಂದಿನ ಸೀಟಿನಲ್ಲಿ ಹಣಮಂತ್ರಾಯ ಕೈ ಮುಗಿದ.

ಜೇಜುರಿಯ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದ ಕುಶಲ, "ಟರ್ಬೊ ಕಾದಿದೆ, ಒಮ್ಮೆಲೇ ಆರಿಸಬಾರದು. ಎಂಜಿನ್ ಸ್ವಲ್ಪ ಹೊತ್ತು ಸುಮ್ಮನೆ ತಿರುಗಲಿ, ಆಮೇಲೆ ಬೀಗದ ಕೈ ತಿರುಗಿಸಿ," ಎಂದು ಅವಧೂತರಾವ್ ಅವರಿಗೆ ಹೇಳಿ ಮೆಟ್ಟಿಲು ಹತ್ತಿ ಹೋದ. ಹಣಮಂತ್ರಾಯ ಹೋಗಲಿಲ್ಲ. ಮೊದಲು ಗಾಡಿಯ ಪೂಜೆ, ಆಮೇಲೆ ತನ್ನದು. ಬಾನೆಟ್ ಎತ್ತಿ, ಕಾಯಿ ಒಡೆದು, ಅಂಗಡಿಯಿಂದ ಒಂದು ದೊಡ್ಡ ಪೊಟ್ಟಣ ಭಂಡಾರ ತಂದ. ಅಷ್ಟರಲ್ಲಿ ಕಲಬುರ್ಗಿ ಕಡೆಯಿಂದ ಬಂದ ಯಾತ್ರೆಯ ಜನ ಕೆಂಪು ಕಾರನ್ನು ಸುತ್ತುವರಿದಿದ್ದರು.

"ಇದೇನಪ್ಪೋ, ಸಿಳ್ಳಿ ಹೊಡೀತದ?"

"ನಮ್ಮ ಸಾಹೇಬ್ರು ಮಾಡ್ಯಾರ," ಎಂದ ಹಣಮಂತ್ರಾಯ ಎಲ್ಲರಿಗೂ ಕೇಳುವಂತೆ. "ಈ ಬಾಯಿಲೆ ಗಾಳಿ ಜಗ್ತದ. ಸಾಹೇಬ್ರ, ತೋರಸ್ರಿ ಒಮ್ಮಿ."

ಕೇಳುವವರು ಕನ್ನಡದಲ್ಲಿ ಕೇಳುತ್ತಿದ್ದಾರೆ. ಹೇಳುವುದು ತಮ್ಮದೇ ಕೊಳವೆಯ ಬಗ್ಗೆ. ಅವಧೂತರಾವ್ ಬಗ್ಗಿ, ಎಂಜಿನ್ನಿನ ವೇಗ ಏರಿಸುವ ಪುಟ್ಟ ಸನ್ನೆಗೋಲನ್ನು ಬೆರಳಿನಿಂದ ಎಳೆದರು. ಎಂಜಿನ್ ಗುರ್ ಎಂದಿತು, ಟರ್ಬೊ ಸಿಳ್ಳೆ ಹಾಕಿತು. ಜನ ಓ ಎಂದರು.

ಹಣಮಂತ್ರಾಯ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದ. "ಮೊದಲ್ನೇ ಮುಟಗಿ ನಿಮ್ದಽ ಆಗ್ಬೇಕ್ರಿ. ನೀವು ಹುಟ್ಟಿಸಿದ್ ಕೂಸು."

ಹದಿನೆಂಟು ವರ್ಷ ಧೂಳು ಹೀರುವ ಕೊಳವೆಗಳ ಚಿತ್ರ ಬಿಡಿಸಿದವರು, ಅರಿಶಿನವನ್ನು ಕಂಡು ನಕ್ಕವರು, ಆ ಕ್ಷಣದಲ್ಲಿ ಮುಷ್ಟಿ ತುಂಬ ಭಂಡಾರ ಎತ್ತಿ "ಯೇಳಕೋಟ ಯೇಳಕೋಟ ಜಯ ಮಲ್ಹಾರ!" ಎಂದು ಖಂಡೋಬನ ಜಯಕಾರ ಹಾಕಿ ತೂರಿದರು.

ಹಳದಿಯ ಮೋಡ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ, ಮಗು ಬಟ್ಟಲಿನ ಹಾಲು ಸೊರ್ರನೆ ಹೀರಿದಂತೆ, ದೀಪದ ಪಕ್ಕದ ಬಾಯಿ ಅದನ್ನು ಪೂರ್ತಿಯಾಗಿ ಒಳಗೆಳೆದುಕೊಂಡಿತು.

"ತಗೊಂಡಾ! ದೇವ್ರು ತಗೊಂಡಾ!" ಎಂದು ಒಬ್ಬ ಮುದುಕಿ ಕೂಗಿದಳು.

ಇನ್ನು ತಡೆಯುವವರು ಯಾರು? ದೇವರು ಕಣ್ಣೆದುರಿಗೇ ನೈವೇದ್ಯ ತಿನ್ನುವುದನ್ನು ಯಾತ್ರೆಯ ಜನ ದಿನವೂ ಕಾಣುವುದಿಲ್ಲ. ಎಲ್ಲರ ಮುಷ್ಟಿಗಳೂ ಏಳತೊಡಗಿದವು. ಬಾಯಿ ನುಂಗುತ್ತಲೇ ಇತ್ತು. ಅವಧೂತರಾವ್ ಅವರ ಬೆರಳು ಇನ್ನೂ ಸನ್ನೆಗೋಲಿನ ಮೇಲೇ ಇತ್ತು. ಎಣ್ಣೆ ಹೀರಿದ ಸ್ಪಂಜಿನ ಮೇಲೆ ಅರಿಶಿನ ಬಿದ್ದರೆ ಏನಾಗುತ್ತದೆ ಎಂಬ ಚಿತ್ರ ಅವರ ತಲೆಯಲ್ಲಿ ಅಳತೆಗಳ ಸಮೇತ ಮೂಡಿದಾಗ ಅವರು ಸರಕ್ಕನೆ ಕೈ ತೆಗೆದು, ಓಡಿ ಹೋಗಿ ಎಂಜಿನ್ ಆರಿಸಿದರು.

ಡಬ್ಬಿಯ ಸ್ಕ್ರೂ ಬಿಚ್ಚಿ, ಸ್ಪಂಜು ತೆಗೆದು, ಹೋಟೆಲಿನವನ ಬಳಿ ಒಂದಿಷ್ಟು ಬಿಸಿನೀರು, ಒಗೆಯುವ ಸೋಡಾ ಕೇಳಿ ತೊಳೆದಿದ್ದರೆ ಆಗುತ್ತಿತ್ತು. ಪಾನಾ ಚೀಲ ಅಲ್ಲೇ ಇತ್ತು. ಆದರೆ ಕುಶಲ ಮೆಟ್ಟಿಲಿಳಿದು ಬರುತ್ತಿರುವುದು ಕಂಡಿತು. ಬಿಚ್ಚಿದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಹೇಳಬೇಕು. ಹೇಳಿದರೆ, ಡಿಸೈನ್ ವಿಭಾಗದ ಮುಖ್ಯಸ್ಥರು ತಮ್ಮ ಫಿಲ್ಟರಿಗೆ ತಾವೇ ಅರಿಶಿನ ಎರಚಿದರು ಎಂದಾಗುತ್ತದೆ. ನಾಳೆ ಕಾರಖಾನೆಯಲ್ಲಿ ಮೊದಲ ಕೆಲಸವೇ ಇದನ್ನು ತೊಳೆಯುವುದು ಎಂದುಕೊಂಡು ಅವಧೂತರಾವ್ ಕರವಸ್ತ್ರದಿಂದ ಹೊರಗಿನ ಹಳದಿಯನ್ನು ಒರೆಸಿ ಬಾನೆಟ್ ಮುಚ್ಚಿದರು. ಹಣಮಂತ್ರಾಯ ಆಗಲೇ ಬೆಟ್ಟದ ಕಡೆ ಓಡಿದ್ದ. ದರ್ಶನ ಮುಗಿಸಿ ಬಂದಾಗ ಅವನ ಮುಖವೆಲ್ಲ ಹಳದಿ. ಕುಶಲನ ಕೂದಲೂ ಹಳದಿ. ಜೇಜುರಿಯಲ್ಲಿ ಎಲ್ಲವೂ ಹಳದಿ, ಅದರಲ್ಲಿ ಕಾರು ಹಳದಿಯಾದುದನ್ನು ಯಾರು ಗಮನಿಸುತ್ತಾರೆ?

ವಾಪಸು ಹೊರಟಾಗ ಸಾಸವಡ ಇನ್ನೂ ದೂರವಿತ್ತು. ಮುಂದೆ ಕಬ್ಬಿನ ಲಾರಿಯೊಂದು ತೊನೆಯುತ್ತ ಹೋಗುತ್ತಿತ್ತು. ಅದನ್ನು ದಾಟಲು ಕುಶಲ ಕಾಲು ಒತ್ತಿದ. ಸಿಳ್ಳೆ ಬರಲಿಲ್ಲ, ನರಳಿಕೆ ಬಂತು.

"ನಿಧಾನ ಮಾಡಿ," ಎಂದರು ಅವಧೂತರಾವ್. ಎಷ್ಟು ಮೆಲ್ಲಗೆ ಅಂದರೆ ಅವರಿಗೇ ಕೇಳಿಸಲಿಲ್ಲ.

ಕುಶಲ ಇನ್ನಷ್ಟು ಒತ್ತಿದ. ಬಾನೆಟ್ಟಿನೊಳಗೆ ಏನೋ ಹರಿದ ಸದ್ದು, ಅದರ ಬೆನ್ನಿಗೇ ಮಿಕ್ಸರಿನಲ್ಲಿ ಚಮಚ ಬಿದ್ದಂಥ ಸದ್ದು. ಹಿಂದೆ ನೀಲಿ ಹೊಗೆ ಎದ್ದಿತು. ಕಾರು ರಸ್ತೆಯ ಬದಿಗೆ ಉರುಳಿ ನಿಂತಿತು. ಕಬ್ಬಿನ ಲಾರಿ ತೊನೆಯುತ್ತಲೇ ಮುಂದೆ ಹೋಯಿತು.

ಬಾನೆಟ್ ಎತ್ತಿದರೆ, ರಬ್ಬರಿನ ಪೈಪು ಮುದುಕರ ಕೆನ್ನೆಯಂತೆ ಒಳಕ್ಕೆ ಅಂಟಿಕೊಂಡಿತ್ತು. ಡಬ್ಬಿ ಬಿಚ್ಚಿದರೆ, ಜುಣಕ. ತಳ ಹತ್ತಿದ ಕಡಲೆಹಿಟ್ಟಿನಂತೆ ಗಟ್ಟಿಯಾದ, ಹಳದಿ ಜುಣಕ. ಅದರ ನಡುವೆ ಒಂದು ತೂತು. ಅಲ್ಲಿಯ ಸ್ಪಂಜು ಹರಿದು ಒಳಗೆ ಹೋಗಿ ಟರ್ಬೊದ ಫ್ಯಾನಿನ ರೆಕ್ಕೆ ಮುರಿದಿತ್ತು. ಅಂಥ ಫ್ಯಾನು ಪುಣೆಯಲ್ಲಿಲ್ಲ, ಮುಂಬಯಿಯಲ್ಲಿಲ್ಲ. ಕುಶಲ ಬೆರಳಿನಲ್ಲಿ ಹಳದಿಯನ್ನು ಮುಟ್ಟಿ, ಮೂಸಿ, ಕಾರಿನಲ್ಲಿ ಹೋಗಿ ಕೂತ. ಅವನು ಕೂಗಾಡಿದ್ದರೆ ಅವಧೂತರಾವ್ ಅವರಿಗೆ ಒಳ್ಳೆಯದಾಗುತ್ತಿತ್ತೋ ಏನೋ. ಒಂದು ಲಾರಿಗೆ ಹಗ್ಗ ಕಟ್ಟಿಸಿಕೊಂಡು ಭೋಸರಿ ಸೇರಿದರು. ಇಳಿಯುವಾಗ ಕುಶಲ ಅಂದದ್ದು ಇಷ್ಟೇ: "ಬೆಳಿಗ್ಗೆ ಆ ಡ್ರಾಯಿಂಗ್ ತೆಗೆದುಕೊಂಡು ಬನ್ನಿ. ಇದು ಯಾರ ತಲೆ ಅಂತ ನೋಡಬೇಕು."

ಬೆಳಿಗ್ಗೆ ಅವಧೂತರಾವ್ ಎಲ್ಲರಿಗಿಂತ ಮೊದಲು ಬಂದರು. ಟ್ರೇಸಿಂಗ್ ಕಾಗದದ ಮೇಲೆ ಬಿದ್ದ ಶಾಯಿಯನ್ನು ತೆಗೆಯುವ ವಿದ್ಯೆ ಡ್ರಾಫ್ಟ್ಸ್‌ಮನ್‌ಗಳಿಗೆ ಮಾತ್ರ ಗೊತ್ತು. ಅರ್ಧ ಮುರಿದ ದಾಡಿಯ ಬ್ಲೇಡು ಬೇಕು. ಕಾಗದ ಹರಿಯದಂತೆ, ಉಸಿರು ಹಿಡಿದು, ಶಾಯಿಯನ್ನಷ್ಟೇ ಸಿಪ್ಪೆಯಂತೆ ಕೆರೆಯಬೇಕು. ಆಮೇಲೆ ಉಗುರಿನ ಬೆನ್ನಿನಿಂದ ತಿಕ್ಕಿ ನುಣುಪು ಮಾಡಬೇಕು. ಅವಧೂತರಾವ್ ಮೂರನೆಯ ಚೌಕದಿಂದ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಕೆರೆದು ತೆಗೆದರು. ಇಷ್ಟು ವರ್ಷದಲ್ಲಿ ಅವರ ಕೈ ಅಷ್ಟು ನಾಜೂಕಾಗಿ ಓಡಿದ್ದಿಲ್ಲ.

ಕುಶಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ಇಲ್ಲಿ ಯಾರ ಹೆಸರೂ ಇಲ್ಲವಲ್ಲ?"

"ಡಿಸೈನ್ ಅಂತ ಪ್ರತ್ಯೇಕ ಏನಿರಲಿಲ್ಲ. ತಂಪು ಗಾಳಿ ತರಬಹುದು ಎಂದು ನಾನು ಬಾಯಿಮಾತಿಗೆ ಅಂದದ್ದು ನಿಜ, ಆದರೆ ಗೋದಾಮಿನಲ್ಲಿ ಸಿಕ್ಕಿದ್ದರಲ್ಲಿ ಹಣಮಂತ್ರಾಯ ತನಗೆ ತೋಚಿದಂತೆ ಮಾಡಿದ. ನಾನು ಗೆರೆ ಎಳೆದೆ, ಅಷ್ಟೇ."

ಹಣಮಂತ್ರಾಯನಿಗೆ ಕರೆ ಹೋಯಿತು. ಅವನು ಕೈ ಒರೆಸಿಕೊಳ್ಳುತ್ತ ಬಂದ. ಮೇಜಿನ ಮೇಲೆ ಹಾಳೆ ಹರಡಿದ್ದನ್ನೂ, ಅದರ ಮೂಲೆಯ ಮೇಲೆ ಕುಶಲನ ಬೆರಳು ಇದ್ದುದನ್ನೂ ನೋಡಿದ. ಅವನ ಮುಖ ಬೆಳಗಿತು.

"ಇದನ್ನು ಮಾಡಿದ್ದು ನೀನೋ?" ಎಂದು ಕುಶಲ ಹಿಂದಿಯಲ್ಲಿ ಕೇಳಿದ.

"ಹೌ ಸಾಬ್! ಮೈಚ್ ಬನಾಯಾ," ಎಂದ ಹಣಮಂತ್ರಾಯ ಎದೆ ಸೆಟೆದು. ಆಮೇಲೆ ಅವಧೂತರಾವ್ ಅವರ ಕಡೆ ತಿರುಗಿ ಕನ್ನಡದಲ್ಲಿ, ಮೆಲ್ಲಗೆ, "ನನ್ನ ಹೆಸರೂ ಬರದ್ರೇನ್ರಿ ಸಾಹೇಬ್ರ?" ಎಂದ.

"ಏನನ್ನುತ್ತಾನೆ?" ಎಂದು ಕುಶಲ ಮರಾಠಿಯಲ್ಲಿ ಕೇಳಿದ.

ಆ ಕೋಣೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಬಲ್ಲವರು ಅವಧೂತರಾವ್ ಒಬ್ಬರೇ.

"ತಪ್ಪಾಯಿತು ಅನ್ನುತ್ತಾನೆ," ಎಂದರು.

ಕುಶಲ ತಲೆಯಾಡಿಸಿದ. "ಮತ್ತು ಆ ಅರಿಶಿನ? ಅದನ್ನು ಹಾಕಿದವರು ಯಾರು?"

ಈಗ ಹಣಮಂತ್ರಾಯನಿಗೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ತಿಳಿಯಿತು. ಅವನು ಅವಧೂತರಾವ್ ಅವರನ್ನು ನೋಡಿದ. ಅವಧೂತರಾವ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಅದರ ರೆಕ್ಕೆಗಳೆಲ್ಲ ಸರಿಯಾಗಿಯೇ ಇದ್ದವು.

"ಮೇರಾಚ್ ದೇವ್, ಮೇರಾಚ್ ಭಂಡಾರ," ಎಂದ ಹಣಮಂತ್ರಾಯ, ದೇವರೂ ತನ್ನದೇ, ಭಂಡಾರವೂ ತನ್ನದೇ ಎಂದು. ದನಿಯಲ್ಲಿ ಎದೆ ಸೆಟೆದದ್ದು ಇರಲಿಲ್ಲ.

ಅಂದೇ ಸಂಜೆ ಅವನ ಲೆಕ್ಕ ಮುಗಿಸಿದರು. ತಗಡಿನ ಶೆಡ್ಡನ್ನೂ ಬಿಡಬೇಕಾಯಿತು. ಯಂಕವ್ವ ತಲೆಯ ಮೇಲೆ ಟ್ರಂಕು, ಕೈಯಲ್ಲಿ ಸ್ಟೋವು ಹಿಡಿದು ಗೇಟು ದಾಟುವುದನ್ನು ಡ್ರಾಯಿಂಗ್ ಕೋಣೆಯ ಕಿಟಕಿಯಿಂದ ಕಾಣಬಹುದಿತ್ತು. ಅವಧೂತರಾವ್ ಅಂದು ಬಹಳ ತಲೆ ತಗ್ಗಿಸಿ ಕೆಲಸ ಮಾಡಿದರು.

ಡಿಸೈನ್ ವಿಭಾಗವೇನೋ ತೆರೆಯಿತು. ಕುರ್ಚಿ ಬಂತು. ಅದರಲ್ಲಿ ಕೂರಲು ಮುಂಬಯಿಯಿಂದ ಒಬ್ಬ ತರುಣ ಬಂದ. ಅವಧೂತರಾವ್ ಅವರ ಮೇಲೆ ಕುಶಲನಿಗೆ ಸಿಟ್ಟಿರಲಿಲ್ಲ. ಗೆರೆ ಎಳೆದವರ ಮೇಲೆ ಯಾರು ಸಿಟ್ಟಾಗುತ್ತಾರೆ? ಕೆಂಪು ಕಾರು ತಾಡಪತ್ರಿ ಹೊದ್ದು ಕಾರಖಾನೆಯ ಹಿಂದೆ ನಿಂತಿತು. ಅದರಲ್ಲಿ ಬೆಕ್ಕು ಮರಿ ಹಾಕಿತು. "ನಿಮ್ಮ ಡಿಸೈನ್ ಏನಾತು?" ಎಂದು ಇಂದೂ ಕೆಲವು ದಿನ ಕೇಳಿದರು. ಜರ್ಮನಿಯವರಿಂದ ಭಾಗ ಬರಬೇಕು, ಬಂದ ಮೇಲೆ ನೋಡಬೇಕು ಎಂದು ಅವಧೂತರಾವ್ ಹೇಳಿದರು. ಕ್ರಮೇಣ ಇಂದೂ ಕೇಳುವುದನ್ನು ಬಿಟ್ಟರು.

ಒಂದೆರಡು ವರ್ಷಗಳ ಮೇಲೆ, ಕೋಥರೂಡಿನಲ್ಲಿ ಏಳುತ್ತಿದ್ದ ಒಂದು ಸೊಸೈಟಿಯಲ್ಲಿ ಮನೆ ನೋಡಲು ಗಂಡ ಹೆಂಡತಿ ಹೋದರು. ಇನ್ನೂ ಗಾರೆಯ ಗಿಲಾಯ ಆಗದ ಮೆಟ್ಟಿಲುಗಳನ್ನು ಇಂದೂ ಸೀರೆ ಎತ್ತಿಕೊಂಡು ಹತ್ತುತ್ತಿದ್ದರು. ಮೇಲೆ ಕಿಟಕಿಯ ಸರಳುಗಳಿಗೆ ಬೆಸುಗೆ ಹಾಕುತ್ತಿದ್ದವನು ಕಪ್ಪು ಕನ್ನಡಕ ತೆಗೆದು, "ಸಾಹೇಬ್ರಽ!" ಎಂದ.

ಹಣಮಂತ್ರಾಯ. ಬಡವಾಗಿದ್ದ. ಸೊಂಟದ ಚೀಲ ಹಾಗೆಯೇ ಇತ್ತು. ಕೆಳಗೆ ಯಂಕವ್ವ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಅವಳು ಇವರನ್ನು ಒಮ್ಮೆ ನೋಡಿ ಸೆರಗು ಎಳೆದುಕೊಂಡು ಆಚೆ ಹೋದಳು. ಹಣಮಂತ್ರಾಯ ಮಾತ್ರ ಜೊತೆಯವರನ್ನೆಲ್ಲ ಕರೆದ.

"ಏ ತಾಯಪ್ಪ, ಬಾ ಇಲ್ಲಿ. ನಾ ಹೇಳ್ತಿದ್ನಲ್ಲ, ಜರ್ಮನಿ ಗಾಡಿಗಿ ಗಾಳಿ ಕೊಳವಿ ಮಾಡೀನಂತ, ಘಾಟಾಗ ಕುದುರಿ ಓಡ್ದಂಗ ಓಡ್ತಂತ, ನಂಬಲಿಲ್ಲ ನೀ. ಕೇಳು ಇವ್ರಿಗಿ. ಇವ್ರಽ ನಮ್ಮ ಸಾಹೇಬ್ರು. ನಾ ಮಾಡ್ದೆ, ಇವ್ರು ಅದರ ಚಿತ್ರ ತೆಗದ್ರು. ಹೌದಲ್ರಿ ಸಾಹೇಬ್ರ?"

ತಾಯಪ್ಪ ಎಂಬವನು ಅವಧೂತರಾವ್ ಅವರ ಬಾಯಿಯನ್ನೇ ನೋಡುತ್ತಿದ್ದ. ಹಣಮಂತ್ರಾಯನೂ ನೋಡುತ್ತಿದ್ದ, ನಗುತ್ತಲೇ. ಆ ನಗೆಯನ್ನು ಅಳೆಯುವ ಸ್ಕೇಲು ಅವಧೂತರಾವ್ ಅವರ ಬಳಿ ಇರಲಿಲ್ಲ.

"ಹೌದು," ಎಂದರು.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಇಂದೂ ನಿಂತರು. "ಅಲ್ರೀ, ತಲಿಯಿಂದ ಕಾಲಿನ ತನಕ ನಂದಽ ಅಂದಿದ್ರಿ. ನಾ ಪಾಯಸಾನೂ ಮಾಡಿದ್ದೆ."

ಅವಧೂತರಾವ್ ಜೇಬಿನ ಪೆನ್ಸಿಲನ್ನು ತೆಗೆದು, ನೋಡಿ, ಮತ್ತೆ ಜೇಬಿನಲ್ಲೇ ಇಟ್ಟುಕೊಂಡರು.

"ಇಲ್ಲ. ನಾ ಬರೇ ಗೆರಿ ಎಳದಿದ್ದೆ," ಎಂದರು. "ನಡಿ, ಬಸ್ ಬರೂ ಹೊತ್ತಾತು."